ಸಾಯುವ ತಾರೀಕು ಹೊತ್ತೇ ಹುಟ್ಟುವ ಇಲಾಖೆಗಳು

(ಮೈಸೂರಿನ ಗೆಳೆಯರ ಬಳಗವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯದ ಹೆಸರು ಕೇಳಿದರೇ ಆಕಳಿಕೆ ಬರುತ್ತೆ ಅಂತ ನನಗೂ ಗೊತ್ತು. ಅಮೆರಿಕದ ರಾಜ್ಯಗಳಲ್ಲಿ ಸರ್ಕಾರಿ ಸಂಸ್ಥೆಗಳ ಮುಂದುವರಿಕೆ! ಅದಕ್ಕೇ ನಾನು ಅಡುಗೆಮನೆ ಸಿಂಕ್‌ನಿಂದ ಶುರು ಮಾಡುತ್ತೇನೆ.

2019ರ ಜೂನ್ ಮೊದಲ ವಾರ. ನಾನಾಗ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿದ್ದೆ. ಸಿಂಕ್ ಕೆಳಗೆ ನೀರು ಸೋರುತ್ತಿತ್ತು. ಪ್ಲಂಬರ್ ಬಂದ. ಐವತ್ತು ದಾಟಿದ ಮನುಷ್ಯ. ಅಂಗಾತ ಮಲಗಿ ಪೈಪ್ ಬಿಚ್ಚುತ್ತಾ ಒಂದು ಮಾತು ಹೇಳಿದ. ಸೆಪ್ಟೆಂಬರ್ ಒಂದರಿಂದ ತನ್ನ ಲೈಸೆನ್ಸ್ ಬರೀ ಕಾಗದವಂತೆ. ಅವತ್ತಿನಿಂದ ನಾನೂ ಒಂದು ಸ್ಪ್ಯಾನರ್ ಕೊಂಡು ಪ್ಲಂಬರ್ ಅಂತ ಬೋರ್ಡ್ ಹಾಕಿಕೊಳ್ಳಬಹುದಂತೆ, ಕೇಳೋರು ಇರೋಲ್ಲವಂತೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನು ಹೋದ ಮೇಲೆ ಪೇಪರ್ ತೆಗೆದು ನೋಡಿದರೆ ತಮಾಷೆ ಅಲ್ಲ. ಟೆಕ್ಸಸ್‌ನಲ್ಲಿ ಪ್ಲಂಬರ್‌ಗಳಿಗೆ ಪರೀಕ್ಷೆ ಮಾಡಿ ಲೈಸೆನ್ಸ್ ಕೊಡುವ ಒಂದು ಮಂಡಳಿ ಇದೆ. 1947ರದ್ದು. ಅದನ್ನು ಮುಚ್ಚಬೇಕು ಅಂತ ಯಾರೂ ಮತ ಹಾಕಿರಲಿಲ್ಲ. ಮುಂದುವರಿಸುವ ಮಸೂದೆ ಪಾಸಾಗಲಿಲ್ಲ, ಅಷ್ಟೇ. ಅಷ್ಟಾದರೆ ಸಾಕು, ಅದು ಸತ್ತ ಹಾಗೆ.

ಇದೇ ಸನ್‌ಸೆಟ್ ಕಾನೂನು. ಸೂರ್ಯಾಸ್ತದ ಕಾನೂನು.

ನಮ್ಮ ಕಡೆ ಹೇಗೆ? ಸರ್ಕಾರ ಒಂದು ಮಂಡಳಿ ಮಾಡುತ್ತೆ. ಒಂದು ಕಟ್ಟಡ, ಒಬ್ಬ ಅಧ್ಯಕ್ಷ, ಕಾರು, ನಾಲ್ಕು ಜನ ಗುಮಾಸ್ತರು. ಆಮೇಲೆ ಯಾರೂ ಏನೂ ಮಾಡದೆ ಸುಮ್ನೆ ಇದ್ದರೆ ಅದು ಬದುಕಿಕೊಂಡಿರುತ್ತೆ. ಮುಚ್ಚಬೇಕಾದರೆ ಯಾರಾದರೂ ಮೈಮೇಲೆ ಹಾಕಿಕೊಂಡು ಕೆಲಸ ಮಾಡಬೇಕು. ಆ ಉಸಾಬರಿ ಯಾರಿಗೆ ಬೇಕು? ಸನ್‌ಸೆಟ್ ಕಾನೂನು ಇದನ್ನು ತಿರುಗಿಸಿ ಇಡುತ್ತೆ. ಇಲ್ಲಿ ಸುಮ್ನೆ ಕೂತರೆ ಸಂಸ್ಥೆ ಸಾಯುತ್ತೆ. ಬದುಕಿಸಬೇಕಾದರೆ ಎದ್ದು ಕೆಲಸ ಮಾಡಬೇಕು. ಅದು ಹುಟ್ಟಿದ ಕಾನೂನಿನಲ್ಲೇ ಮುಗಿಯುವ ತಾರೀಕೂ ಬರೆದಿರುತ್ತೆ, ಔಷಧಿ ಡಬ್ಬಿ ಮೇಲೆ ಇರುತ್ತಲ್ಲ, ಹಾಗೆ.

ಯೋಚನೆ ಹಳೆಯದು. ಥಾಮಸ್ ಜೆಫರ್ಸನ್ 1789ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಜೇಮ್ಸ್ ಮ್ಯಾಡಿಸನ್‌ಗೆ ಒಂದು ಕಾಗದ ಬರೆದರು. ಇಬ್ಬರೂ ಮುಂದೆ ಅಮೆರಿಕದ ಅಧ್ಯಕ್ಷರಾದವರು. ಭೂಮಿ ಬದುಕಿರುವವರದ್ದು, ಸತ್ತವರು ನಮ್ಮನ್ನು ಆಳಬಾರದು, ಆದ್ದರಿಂದ ಪ್ರತಿ ಕಾನೂನೂ 19 ವರ್ಷಕ್ಕೆ ತಾನಾಗೇ ಮುಗಿಯಬೇಕು ಅನ್ನೋದು ಅವರ ವಾದ. ಒಂದು ತಲೆಮಾರಿನ ಲೆಕ್ಕ ಹಾಕಿ ಈ 19 ತೆಗೆದಿದ್ದರು. ಮ್ಯಾಡಿಸನ್ ಮರುವರ್ಷ ಫೆಬ್ರುವರಿಯಲ್ಲಿ ಉತ್ತರ ಬರೆದರು. ತುಂಬಾ ಮರ್ಯಾದೆಯಿಂದ, ಆದರೆ ಒಪ್ಪಲಿಲ್ಲ. ತಾರೀಕು ಹತ್ತಿರ ಬಂದಾಗಲೆಲ್ಲ, ಬೇರೆ ಹೊತ್ತಿನಲ್ಲಿ ಹುಟ್ಟದೇ ಇರುವ ಗುಂಪುಗಾರಿಕೆಗಳೆಲ್ಲ ಹುಟ್ಟಿಕೊಳ್ಳುತ್ತವೆ ಅಂತ ಅವರ ಭಯ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ. 227 ವರ್ಷ ಆದಮೇಲೆ ಟೆಕ್ಸಸ್‌ನಲ್ಲಿ ಅದು ನಿಜವಾಗುತ್ತೆ. ಆ ಕಥೆಗೆ ಬರುತ್ತೇನೆ.

ಇನ್ನೊಬ್ಬರು ವಿಲಿಯಂ ಡಗ್ಲಸ್. 1930ರ ದಶಕದ ಕೊನೆಗೆ ಷೇರುಪೇಟೆ ನೋಡಿಕೊಳ್ಳುವ ಫೆಡರಲ್ ಆಯೋಗದ ಅಧ್ಯಕ್ಷರಾಗಿದ್ದವರು. ಯಾವ ಸಂಸ್ಥೆಯೂ ಹತ್ತು ವರ್ಷಕ್ಕಿಂತ ಜಾಸ್ತಿ ಇರಬಾರದು, ಆಮೇಲೆ ಅದು ತಾನು ಹಿಡಿತದಲ್ಲಿಡಬೇಕಾದವರ ಜೇಬಿಗೇ ಬೀಳುತ್ತೆ ಅಂತ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಹೇಳುತ್ತಿದ್ದರು. ರೂಸ್‌ವೆಲ್ಟ್ ಜೋರಾಗಿ ನಗುತ್ತಿದ್ದರಂತೆ. ನಗುವ ವಿಷಯ ಇನ್ನೊಂದಿದೆ. ಇದೇ ಡಗ್ಲಸ್ ಆಮೇಲೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ 36 ವರ್ಷ ಕೂತರು. ಅಲ್ಲಿ ಅಷ್ಟು ಕಾಲ ಕೂತವರು ಬೇರೆ ಯಾರೂ ಇಲ್ಲ.

ಕಾನೂನಾಗಿ ಇದು ಬಂದದ್ದು 1976ರಲ್ಲಿ, ಕೊಲೊರಾಡೊ ರಾಜ್ಯದಲ್ಲಿ. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟು ಹೆಚ್ಚು ದಿನ ಆಗಿರಲಿಲ್ಲ. ಸರ್ಕಾರ ಅಂದರೆ ಜನಕ್ಕೆ ನಂಬಿಕೆಯೇ ಇರಲಿಲ್ಲ. ಕಾಮನ್ ಕಾಸ್ ಅನ್ನೋ ನಾಗರಿಕ ಸಂಘಟನೆ ಬೆನ್ನು ಹತ್ತಿ ಇದನ್ನು ಪಾಸು ಮಾಡಿಸಿತು. ಆಮೇಲೆ ಜ್ವರ ಹರಡಿದ ಹಾಗೆ ಹರಡಿತು. 1980ರ ದಶಕ ಶುರುವಾಗುವ ಹೊತ್ತಿಗೆ ಮೂವತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ ಏನೋ ಒಂದು ಬಗೆಯ ಸನ್‌ಸೆಟ್ ಕಾನೂನು ಇತ್ತು.

ಮೊದಲ ಸುತ್ತಿನಲ್ಲಿ ಕೊಲೊರಾಡೊದಲ್ಲಿ ಏನಾಯಿತು ಗೊತ್ತಾ? 13 ಸಂಸ್ಥೆಗಳನ್ನು ಪರಿಶೀಲನೆಗೆ ತೆಗೆದುಕೊಂಡರು. ಮುಚ್ಚಿದ್ದು ಮೂರನ್ನು. ಮೂರೂ ಪುಡಿ ಮಂಡಳಿಗಳು. ಅದರಲ್ಲಿ ಒಂದು ಬಾಕ್ಸಿಂಗ್ ಆಯೋಗ. ಮುಚ್ಚಿ ಉಳಿಸಿದ ದುಡ್ಡಿಗಿಂತ ಮುಚ್ಚಬೇಕೋ ಬೇಡವೋ ಅಂತ ನೋಡೋದಕ್ಕೆ ಆದ ಖರ್ಚೇ ಎಷ್ಟೋ ಪಟ್ಟು ಜಾಸ್ತಿ. ಆ ಬಾಕ್ಸಿಂಗ್ ಆಯೋಗ 2000ನೇ ಇಸವಿಯಲ್ಲಿ ಮತ್ತೆ ಹುಟ್ಟಿ ಬಂತು! ಬಾಕ್ಸಿಂಗ್ ಅಂತೂ ನಿಂತಿರಲಿಲ್ಲವಲ್ಲ.

ಕೆಲವು ರಾಜ್ಯಗಳು ಬೇಗ ಕೈಚೆಲ್ಲಿದವು. ನಾರ್ತ್ ಕ್ಯಾರೊಲಿನಾ 1977ರಲ್ಲಿ ಕಾನೂನು ತಂದು 1981ರಲ್ಲಿ ಕಿತ್ತುಹಾಕಿತು. ಪರಿಶೀಲನೆಗೆ ಜನ ಬೇಕು, ಹೊತ್ತು ಬೇಕು, ಲೆಕ್ಕ ಗೊತ್ತಿರುವವರು ಬೇಕು. ಶಾಸಕರಿಗೆ ಅದು ಓಟು ತರುವ ಕೆಲಸ ಅಲ್ಲ. ಎಷ್ಟೋ ಕಡೆ "ಮುಂದುವರಿಸಲಾಗಿದೆ" ಅಂತ ಒಂದು ಸೀಲು ಹೊಡೆಯುವ ಮಟ್ಟಕ್ಕೆ ಇಳಿಯಿತು. ಗಂಭೀರವಾಗಿ ತೆಗೆದುಕೊಂಡವರಲ್ಲಿ ಎದ್ದು ಕಾಣೋದು ಟೆಕ್ಸಸ್. ನಾನು ಇದ್ದದ್ದೂ ಅಲ್ಲೇ, ಹಾಗಾಗಿ ಉಳಿದದ್ದೆಲ್ಲ ಅಲ್ಲಿಯ ಕಥೆಯೇ.

ಟೆಕ್ಸಸ್ ಕಾನೂನು 1977ರದ್ದು. ಅದನ್ನು ನಡೆಸಲು 12 ಜನರ ಒಂದು ಸನ್‌ಸೆಟ್ ಆಯೋಗ ಇದೆ. ಐವರು ಮೇಲ್ಮನೆಯಾದ ಸೆನೆಟ್‌ನವರು, ಐವರು ಕೆಳಮನೆಯವರು, ಇಬ್ಬರು ಸಾರ್ವಜನಿಕರು. ಸುಮಾರು 130 ಸಂಸ್ಥೆಗಳು ಇದರ ಕೆಳಗೆ ಬರುತ್ತವೆ. ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಒಂದೊಂದರ ಸರದಿ. ಸರದಿ ಬಂದ ಸಂಸ್ಥೆ ಮೊದಲು ತನ್ನ ಬಗ್ಗೆ ತಾನೇ ಒಂದು ವರದಿ ಬರೆದುಕೊಡಬೇಕು. ನಾವು ಏನು ಮಾಡುತ್ತೇವೆ, ನಮ್ಮ ಕಷ್ಟ ಏನು, ನಾವು ಇಲ್ಲದಿದ್ದರೆ ಏನು ಕೆಡುತ್ತೆ ಅಂತ. ಆಮೇಲೆ ಆಯೋಗದ ಸಿಬ್ಬಂದಿ ತಿಂಗಳುಗಟ್ಟಲೆ ಒಳಗೆ ಕೂತು ಕಡತ ನೋಡುತ್ತಾರೆ. ಕೇಳುವ ಪ್ರಶ್ನೆಗಳು ಮನೆ ಲೆಕ್ಕ ಕೇಳಿದ ಹಾಗಿರುತ್ತವೆ. ಈ ಕೆಲಸ ಇನ್ನೂ ಬೇಕಾ? ಇದನ್ನೇ ಇನ್ನೊಂದು ಇಲಾಖೆ ಮಾಡುತ್ತಿದೆಯಾ? ದೂರು ಕೊಟ್ಟರೆ ಎಷ್ಟು ದಿನಕ್ಕೆ ಉತ್ತರ ಬರುತ್ತೆ? ಮಂಡಳಿಯಲ್ಲಿ ಅದೇ ಕಸುಬಿನವರು ಮಾತ್ರ ಕೂತಿದ್ದಾರಾ, ಹೊರಗಿನವರು ಇದ್ದಾರಾ? ವರದಿ ಹೊರಬರುತ್ತೆ, ಯಾರು ಬೇಕಾದರೂ ಓದಬಹುದು. ಆಮೇಲೆ ಬಹಿರಂಗ ವಿಚಾರಣೆ. ಆಮೇಲೆ ಆಯೋಗದ ಶಿಫಾರಸು, ಅದು ಮಸೂದೆಯಾಗಿ ಶಾಸನಸಭೆಗೆ.

ಇಲ್ಲೊಂದು ತೊಡಕು ಇದೆ. ಟೆಕ್ಸಸ್ ಶಾಸನಸಭೆ ಬೆಸ ವರ್ಷಗಳಲ್ಲಿ ಮಾತ್ರ ಸೇರುತ್ತೆ, ಅದೂ 140 ದಿನ. ಎರಡು ವರ್ಷದ ಕೆಲಸ ಎಲ್ಲಾ ಆ 140 ದಿನಗಳಲ್ಲಿ ಮುಗಿಯಬೇಕು. ಮಸೂದೆ ಆ ಬಾಗಿಲೊಳಗೆ ನುಗ್ಗಲಿಲ್ಲ ಅಂದರೆ, ಸಂಸ್ಥೆಯ ತಾರೀಕು ಸೆಪ್ಟೆಂಬರ್ 1. ಅಂಗಡಿ ಮುಚ್ಚಿಕೊಳ್ಳಲು ಸಾಮಾನ್ಯವಾಗಿ ಒಂದು ವರ್ಷದ ಕಾಲಾವಕಾಶ ಇರುತ್ತೆ. ಆಮೇಲೆ ಇಲ್ಲ.

ನಾನು ಇಂಥ ಒಂದು ವಿಚಾರಣೆಗೆ ಹೋಗಿ ಕೂತಿದ್ದೆ. ಶಾಸನಸಭೆ ಸೇರುವ ಕ್ಯಾಪಿಟಲ್ ಕಟ್ಟಡದ ನೆಲಮಾಳಿಗೆ ಭಾಗದಲ್ಲಿ. ಯಾವುದೋ ಒಂದು ಲೈಸೆನ್ಸ್ ಮಂಡಳಿಯ ಸರದಿ. ಯಾರು ಬೇಕಾದರೂ ಚೀಟಿ ಬರೆದುಕೊಟ್ಟು ಮಾತಾಡಬಹುದು. ಕೆಲವೇ ನಿಮಿಷ, ಮುಂದೆ ದೀಪ ಇರುತ್ತೆ, ಕೆಂಪಾದರೆ ನಿಲ್ಲಿಸಬೇಕು. ನಾನು ಎಣಿಸುತ್ತಾ ಕೂತೆ. ಮಾತಾಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದೇ ಮಂಡಳಿಯಿಂದ ಲೈಸೆನ್ಸ್ ತೆಗೆದುಕೊಂಡವರು. ಒಬ್ಬರಾದ ಮೇಲೆ ಒಬ್ಬರು ಎದ್ದು "ದಯವಿಟ್ಟು ನಮ್ಮನ್ನು ನಿಯಂತ್ರಿಸುವುದನ್ನು ನಿಲ್ಲಿಸಬೇಡಿ" ಅನ್ನುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಪೊಲೀಸ್ ಠಾಣೆ ಮುಚ್ಚುತ್ತಾರಂತೆ ಅಂದರೆ ಬೀದಿಗಿಳಿದು ಬೇಡ ಅಂತ ಕೂಗೋರು ಯಾರು? ಊರಿನವರು ತಾನೇ? ಇಲ್ಲಿ ಹಾಗಲ್ಲ. ಲೈಸೆನ್ಸ್ ಇದ್ದವನಿಗೆ ಮಂಡಳಿ ಅಂದರೆ ಬೇಲಿ. ಹೊರಗಿನವರು ಒಳಗೆ ಬರದ ಹಾಗೆ ಕಾಯುತ್ತೆ. ಅದು ಹೋದರೆ ಅವನ ಹೊಟ್ಟೆಪಾಡಿಗೇ ಏಟು. ಗ್ರಾಹಕನಿಗೆ? ಅವನಿಗೆ ಆ ಮಂಡಳಿ ಇದೆ ಅನ್ನೋದೇ ಗೊತ್ತಿಲ್ಲ. ಅವನು ಕೆಲಸಕ್ಕೆ ರಜೆ ಹಾಕಿ ಬಂದು ಚೀಟಿ ಬರೆಯೋಲ್ಲ.

ಹಾಗಂತ ಮಂಡಳಿಗಳೆಲ್ಲ ಬರೀ ಬೇಲಿ ಅಂದರೆ ತಪ್ಪಾಗುತ್ತೆ. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಅನ್ನೋ ಊರಿನ ಶಾಲೆಯಲ್ಲಿ ಗ್ಯಾಸ್ ಸೋರಿ ಸ್ಫೋಟ ಆಯಿತು. ಸುಮಾರು ಮುನ್ನೂರು ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ಗ್ಯಾಸ್‌ಗೆ ವಾಸನೆಯೇ ಇರಲಿಲ್ಲ, ಸೋರಿದ್ದು ಯಾರಿಗೂ ಗೊತ್ತಾಗಲಿಲ್ಲ. ಅದೇ ವರ್ಷ ಎಂಜಿನಿಯರ್‌ಗಳ ನೋಂದಣಿಗೆ ಕಾನೂನು ಬಂತು. ಗ್ಯಾಸ್‌ಗೆ ಕೆಟ್ಟ ವಾಸನೆ ಬೆರೆಸಬೇಕು ಅನ್ನೋ ನಿಯಮವೂ ಬಂತು. ಪ್ಲಂಬರ್ ಅಂದರೆ ಬರೀ ನಲ್ಲಿ ರಿಪೇರಿ ಅಲ್ಲ, ಅಲ್ಲಿ ಗ್ಯಾಸ್ ಪೈಪೂ ಅವನದೇ ಕೆಲಸ. ಇಂಥದ್ದೊಂದು ವ್ಯವಸ್ಥೆ ಕಟ್ಟಲು ದಶಕಗಳೇ ಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆ ವಾಸನೆ ಬೆರೆಸುವ ನಿಯಮ ಮಾಡಿದ್ದು ಯಾರು ಅಂತ ಕೇಳಿ. ಟೆಕ್ಸಸ್ ರೈಲ್‌ರೋಡ್ ಕಮಿಷನ್! ರೈಲು ಆಯೋಗಕ್ಕೂ ಗ್ಯಾಸ್‌ಗೂ ಏನು ಸಂಬಂಧ? ಇದು ನನಗೆ ತುಂಬಾ ಇಷ್ಟವಾದ ಕಥೆ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಈ ಆಯೋಗ ಹುಟ್ಟಿದ್ದು 1891ರಲ್ಲಿ, ರೈಲು ಕಂಪನಿಗಳು ಮನಬಂದಂತೆ ದರ ಹಾಕುತ್ತಿದ್ದದ್ದನ್ನು ತಡೆಯಲು. ಆಮೇಲೆ ಟೆಕ್ಸಸ್‌ನಲ್ಲಿ ಎಣ್ಣೆ ಸಿಕ್ಕಿತು. ಎಣ್ಣೆ ಹೋಗುವ ಪೈಪ್‌ಲೈನ್ ಕೂಡಾ ರೈಲಿನ ಹಾಗೆ ಸಾಗಾಟವೇ ಅಲ್ವಾ ಅಂತ ಅದನ್ನೂ ಇದೇ ಆಯೋಗದ ಕೈಗೆ ಕೊಟ್ಟರು. ಆಮೇಲೆ ಬಾವಿಗಳು, ಗ್ಯಾಸ್. ಒಂದು ಕಾಲಕ್ಕೆ ಟೆಕ್ಸಸ್‌ನಲ್ಲಿ ಎಷ್ಟು ಎಣ್ಣೆ ತೆಗೆಯಬೇಕು ಅಂತ ಇದು ಹಾಕಿದ ಮಿತಿಯಿಂದ ಪ್ರಪಂಚದ ಎಣ್ಣೆ ಬೆಲೆಯೇ ಅಲ್ಲಾಡುತ್ತಿತ್ತು. ರೈಲಿನ ಕೆಲಸ ಮಾತ್ರ ಒಂದೊಂದೇ ಕಳಚಿಕೊಂಡು ಹೋಯಿತು. 2005ರಲ್ಲಿ ಉಳಿದ ಚೂರೂ ಸಾರಿಗೆ ಇಲಾಖೆಗೆ ಹೋಯಿತು. ಈಗ ರೈಲ್‌ರೋಡ್ ಕಮಿಷನ್ ಹತ್ತಿರ ಒಂದು ಹಳಿಯೂ ಇಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ. ಇದರ ಮೂವರು ಕಮಿಷನರ್‌ಗಳನ್ನು ಇಡೀ ರಾಜ್ಯದ ಜನ ಓಟು ಹಾಕಿ ಆರಿಸುತ್ತಾರೆ. ಓಟು ಹಾಕುವವರಲ್ಲಿ ಎಷ್ಟು ಜನಕ್ಕೆ ಇದು ಎಣ್ಣೆ ಬಾವಿಯ ಆಯೋಗ ಅಂತ ಗೊತ್ತೋ! ನನಗೂ ಮೊದಲ ಎರಡು ವರ್ಷ ಗೊತ್ತಿರಲಿಲ್ಲ.

ಸನ್‌ಸೆಟ್ ಸಿಬ್ಬಂದಿಗೆ ಇದು ಕಣ್ಣಿಗೆ ಬೀಳದೇ ಇರುತ್ತಾ? ಹೆಸರು ಬದಲಿಸಿ ಅಂತ ಬರೆದರು. 2011ರಲ್ಲಿ ಮಸೂದೆ ಬಿದ್ದುಹೋಯಿತು. 2013ರಲ್ಲಿ ಮತ್ತೆ ಬಿತ್ತು. 2016ರ ವರದಿಯಲ್ಲಿ ಮೂರನೇ ಸಲ ಬರೆದರು. ಚುನಾವಣೆಗೆ ದುಡ್ಡು ಕೊಡುವವರು ಹೆಚ್ಚಾಗಿ ಎಣ್ಣೆ ಕಂಪನಿಯವರೇ, ಅದಕ್ಕೆ ಮಿತಿ ಹಾಕಿ ಅನ್ನೋ ಸಲಹೆಯೂ ನಡುವೆ ಬಂದುಹೋಯಿತು. ಕೊನೆಗೆ 2017ರಲ್ಲಿ ಆಯೋಗವನ್ನು 2029ರವರೆಗೆ ಮುಂದುವರಿಸಿದರು. ಹೆಸರು ಹಾಗೇ. ಬದಲಿಸಿದರೆ ಖರ್ಚು, ಗೊಂದಲ ಅನ್ನೋದು ಒಂದು ವಾದ. ನನಗನ್ನಿಸೋದು ಬೇರೆ. ಜನಕ್ಕೆ ಕೆಲಸ ಏನು ಅಂತ ಗೊತ್ತಾಗದ ಹೆಸರು ಕೆಲವರಿಗೆ ಅನುಕೂಲ.

ಈ ಒಂದು ಕಥೆಯಲ್ಲಿ ಸನ್‌ಸೆಟ್‌ನ ಶಕ್ತಿ ಮತ್ತು ಮಿತಿ ಎರಡೂ ಕಾಣುತ್ತವೆ. ಇಷ್ಟು ಬಲವಾದ ಸಂಸ್ಥೆಯನ್ನೂ ಕೂರಿಸಿ, ಲೆಕ್ಕ ಕೇಳಿ, ಎಲ್ಲರೂ ಓದುವ ಹಾಗೆ ಬರೆದಿಡಬಹುದು. ಆದರೆ ಅದು ಸಾಯೋಲ್ಲ ಅಂತ ಎಲ್ಲರಿಗೂ ಗೊತ್ತು. ಟೆಕ್ಸಸ್‌ನಲ್ಲಿ ಎಣ್ಣೆ ಬಾವಿಗೆ ಅನುಮತಿ ಕೊಡುವ ಕಚೇರಿ ಮುಚ್ಚಲು ಸಾಧ್ಯವಾ? ಸಾಯಿಸುತ್ತೇನೆ ಅನ್ನೋ ಬೆದರಿಕೆ ಚಿಕ್ಕವರಿಗೆ ಮಾತ್ರ ತಾಗುತ್ತೆ. 1977ರಿಂದ ಇಲ್ಲಿಯವರೆಗೆ ಟೆಕ್ಸಸ್‌ನಲ್ಲಿ ಪೂರ್ತಿ ಮುಚ್ಚಿದ್ದು ಸುಮಾರು 40 ಸಂಸ್ಥೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಸಂಸ್ಥೆಗಳನ್ನು ಬೇರೆಯದರ ಜೊತೆ ಸೇರಿಸಿದರು. ಸುಮಾರು ಐವತ್ತು ವರ್ಷಕ್ಕೆ ಇಷ್ಟು. ಹೆಚ್ಚಿನವು ನೀವು ಹೆಸರೇ ಕೇಳಿರದ ಪುಟಾಣಿಗಳು.

ಹಾಗಾದರೆ ಇದೆಲ್ಲ ದಂಡಾನಾ ಅಂತ ಕೇಳಬಹುದು. ನನ್ನ ಉತ್ತರ, ಅಲ್ಲ. ಸಾವಿನ ತಾರೀಕು ಕೆಲಸ ಮಾಡೋದು ಆ ದಿನ ಅಲ್ಲ, ಅದರ ಹಿಂದಿನ ವರ್ಷ. 2022ರಲ್ಲಿ ಟೆಕ್ಸಸ್‌ನ ಪರಿಸರ ಆಯೋಗದ ಸರದಿ ಬಂತು. ಸಿಬ್ಬಂದಿ ವರದಿಯಲ್ಲಿ ಅದರ ಕಮಿಷನರ್‌ಗಳನ್ನು ಮನಸ್ಸಿಲ್ಲದ ನಿಯಂತ್ರಕರು ಅಂತ ಕರೆದರು. ಸರ್ಕಾರದ್ದೇ ಒಂದು ಕಚೇರಿ ಇನ್ನೊಂದರ ಬಗ್ಗೆ ಅಚ್ಚಿನಲ್ಲಿ ಹೀಗೆ ಬರೆಯೋದು ಎಲ್ಲಿ ಸಿಗುತ್ತೆ? ಮರುವರ್ಷ ಬಂದ ಕಾನೂನಿನಲ್ಲಿ, ಮಾಲಿನ್ಯ ಮಾಡಿದವರಿಗೆ ದಿನಕ್ಕೆ ಹಾಕಬಹುದಾದ ದಂಡ 25,000 ಡಾಲರ್‌ನಿಂದ 40,000ಕ್ಕೆ ಏರಿತು. ಇನ್ನೂ ಬೇಕಾದಷ್ಟು ಆಗಬೇಕಿತ್ತು ಅಂತ ಪರಿಸರದವರು ಗೊಣಗಿದರು, ಸರಿಯಾಗೇ ಗೊಣಗಿದರು. ಆದರೆ ತಾರೀಕು ಇರದಿದ್ದರೆ ಆ ವರದಿಯೇ ಇರುತ್ತಿರಲಿಲ್ಲ.

ಈಗ ಮ್ಯಾಡಿಸನ್ ಭಯಕ್ಕೆ ಬರೋಣ.

2009. ಓಟು ಹಾಕಲು ಗುರುತಿನ ಚೀಟಿ ಬೇಕು ಅನ್ನೋ ಮಸೂದೆ ಟೆಕ್ಸಸ್ ಕೆಳಮನೆಗೆ ಬಂತು. ಡೆಮಾಕ್ರಟ್‌ಗಳಿಗೆ ಅದನ್ನು ತಡೆಯಬೇಕಿತ್ತು. ಅದಕ್ಕೆ ಮುಂಚೆ ಪಟ್ಟಿಯಲ್ಲಿದ್ದ ಸಣ್ಣಪುಟ್ಟ ಮಸೂದೆಗಳ ಮೇಲೆ ಗಂಟೆಗಟ್ಟಲೆ ಮಾತಾಡಿ ಗಡಿಯಾರ ಓಡಿಸಿದರು. ಮಾತಾಡುತ್ತಾ ಮಾತಾಡುತ್ತಾ ಗಡುವು ದಾಟಿತು. ಚೀಟಿ ಮಸೂದೆ ಸತ್ತಿತು. ಜೊತೆಗೆ ಸಾರಿಗೆ ಇಲಾಖೆ, ವಿಮೆ ಇಲಾಖೆ ಸೇರಿ ಐದು ಸಂಸ್ಥೆಗಳ ಬದುಕೂ ನೇತಾಡತೊಡಗಿತು. ಟೆಕ್ಸಸ್‌ನಷ್ಟು ದೊಡ್ಡ ರಾಜ್ಯಕ್ಕೆ ಸಾರಿಗೆ ಇಲಾಖೆ ಇಲ್ಲ ಅಂದರೆ! ಗವರ್ನರ್ ರಿಕ್ ಪೆರಿ ಜುಲೈನಲ್ಲಿ ವಿಶೇಷ ಅಧಿವೇಶನ ಕರೆದು ಉಳಿಸಬೇಕಾಯಿತು. ಅಂದಹಾಗೆ, ಅಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗಲ್ಲ. ಜನ ಆರಿಸಿದವರು, ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.

2017ರದ್ದು ಇನ್ನೂ ಸೊಗಸು. ಈ ಸಲ ನೇತಾಡಿದ್ದು ವೈದ್ಯರ ಮಂಡಳಿ. ರಾಜ್ಯದ ಎಲ್ಲಾ ಡಾಕ್ಟರ್‌ಗಳಿಗೆ ಲೈಸೆನ್ಸ್ ಕೊಡೋದು ಅದೇ. ಜೊತೆಗೆ ಮನಶ್ಶಾಸ್ತ್ರಜ್ಞರು, ಆಪ್ತ ಸಲಹೆಗಾರರು, ಸಮಾಜ ಕಾರ್ಯಕರ್ತರ ಮಂಡಳಿಗಳು. ಕೆಳಮನೆಯಲ್ಲಿ ಒಂದು ಗುಂಪು ಕಲಾಪ ಎಳೆದಾಡಿ ಗಡುವು ದಾಟಿಸಿತು. ಆಮೇಲೆ ಚೆಂಡು ಸೆನೆಟ್ ಕಡೆ ಹೋಯಿತು. ಸೆನೆಟ್ ನಡೆಸುವ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್‌ಗೆ ಬೇರೆ ಆಸೆ ಇತ್ತು. ಟ್ರಾನ್ಸ್‌ಜೆಂಡರ್ ಜನ ಯಾವ ಶೌಚಾಲಯ ಬಳಸಬೇಕು ಅಂತ ಕಟ್ಟು ಹಾಕುವ ಮಸೂದೆ ಅವರಿಗೆ ಬೇಕಿತ್ತು. ಕೆಳಮನೆಯ ಸ್ಪೀಕರ್ ಜೋ ಸ್ಟ್ರಾಸ್‌ಗೆ ಅದು ಬೇಡವಾಗಿತ್ತು. ಒಬ್ಬರು ಕೊಡದಿದ್ದರೆ ಇನ್ನೊಬ್ಬರು ವೈದ್ಯರ ಮಂಡಳಿ ಬಿಡೋಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ನಮ್ಮ ಕರ್ನಾಟಕದಿಂದ ಹೋದ ಡಾಕ್ಟರ್‌ಗಳು ಎಷ್ಟೋ ಜನ ಇದ್ದಾರೆ. ಆ ಬೇಸಿಗೆಯಲ್ಲಿ ನನ್ನ ಗೆಳೆಯನೊಬ್ಬ ಫೋನ್ ಮಾಡಿ, "ಏನಪ್ಪಾ, ನಾನು ಓದಿದ್ದು ಅಷ್ಟು ವರ್ಷ, ಈಗ ಶೌಚಾಲಯದ ಜಗಳಕ್ಕೆ ನನ್ನ ಲೈಸೆನ್ಸ್ ಸಿಕ್ಕಿಹಾಕಿಕೊಂಡಿದೆಯಲ್ಲ" ಅಂದ. ಗವರ್ನರ್ ಗ್ರೆಗ್ ಅಬಟ್ ಜುಲೈ 18ಕ್ಕೆ ವಿಶೇಷ ಅಧಿವೇಶನ ಕರೆದರು. ಮಂಡಳಿಗಳು ಉಳಿದವು, ಆದರೆ 2019ರವರೆಗೆ ಮಾತ್ರ. ಶೌಚಾಲಯದ ಮಸೂದೆ ಆ ಸಲ ಬಿತ್ತು.

ಮ್ಯಾಡಿಸನ್ ಹೇಳಿದ್ದು ಇದನ್ನೇ. ತಾರೀಕು ಬರೆದಿಟ್ಟದ್ದು ಸಂಸ್ಥೆಯನ್ನು ಜವಾಬ್ದಾರಿಯಿಂದ ನಡೆಸಲು. ಆದರೆ ಗಡಿಯಾರ ಯಾರ ಕೈಗೆ ಸಿಕ್ಕರೂ ಗಡಿಯಾರವೇ. ಅದನ್ನು ಹಿಡಿದವನು ಸಂಸ್ಥೆಗೆ ಸಂಬಂಧವೇ ಇಲ್ಲದ ಏನನ್ನೋ ಕೇಳಬಹುದು. ತಮಾಷೆ ಏನು ಅಂದರೆ, ಒತ್ತೆ ಹಾಕಲು ಬೆಲೆ ಬಾಳುವ ಸಂಸ್ಥೆಯೇ ಬೇಕು. ಯಾರಿಗೂ ಬೇಡದ ಮಂಡಳಿಯನ್ನು ಒತ್ತೆ ಇಟ್ಟುಕೊಂಡು ಏನು ಪ್ರಯೋಜನ? ಹಾಗಾಗಿ ಚೆನ್ನಾಗಿ ಕೆಲಸ ಮಾಡುವ, ಎಲ್ಲರಿಗೂ ಬೇಕಾದ ಸಂಸ್ಥೆಗೇ ಜಾಸ್ತಿ ಕಾಟ.

ಇನ್ನು ಪ್ಲಂಬರ್‌ಗಳ ಗತಿ. ಅವರ ಮಂಡಳಿಯಲ್ಲಿ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಬೇಕು ಅಂತ ಸನ್‌ಸೆಟ್ ವರದಿ ಹೇಳಿತ್ತು. ಟೆಕ್ಸಸ್‌ನಲ್ಲಿ ಲೈಸೆನ್ಸ್‌ಗಳಿಗೇ ಅಂತ ಒಂದು ದೊಡ್ಡ ಇಲಾಖೆ ಇದೆ. ಕ್ಷೌರಿಕರು, ಎಸಿ ರಿಪೇರಿಯವರು, ಎಲ್ಲರಿಗೂ ಅಲ್ಲೇ. ಪ್ಲಂಬರ್‌ಗಳನ್ನೂ ಅದಕ್ಕೇ ಸೇರಿಸಿ ಅಂತ ಶಿಫಾರಸು. ಪ್ಲಂಬರ್‌ಗಳಿಗೆ ಸಿಟ್ಟು ಬಂತು. ನಮ್ಮ ಕೆಲಸವೂ ತಲೆಗೂದಲು ಕತ್ತರಿಸುವುದೂ ಒಂದೇನಾ ಅಂತ. ಅಧಿವೇಶನದ ಕೊನೇ ದಿನಗಳಲ್ಲಿ ಎರಡು ಮನೆಗಳ ರಾಜಿ ಮಸೂದೆಯನ್ನು ಕೆಳಮನೆ ಸೋಲಿಸಿತು. ಸೇರಿಸೋದು ಬೇಡ ಅಂದವರು ಗೆದ್ದರು. ಗೆದ್ದು ನೋಡಿದರೆ ಮಂಡಳಿಯೇ ಇಲ್ಲ! ಜೊತೆಗೆ ಲೈಸೆನ್ಸ್ ಕಾನೂನೂ ಸೆಪ್ಟೆಂಬರ್ 1ಕ್ಕೆ ಮುಗಿಯುವುದಿತ್ತು.

ಈ ಸಲ ಗವರ್ನರ್ ಅಬಟ್ ಅಧಿವೇಶನ ಕರೆಯಲಿಲ್ಲ. ಜೂನ್ 13ರಂದು ಒಂದು ಆದೇಶ ಹೊರಡಿಸಿದರು. 2017ರ ಹಾರ್ವಿ ಚಂಡಮಾರುತದಿಂದ ಹಾಳಾದ ಮನೆಗಳನ್ನು ಇನ್ನೂ ಕಟ್ಟುತ್ತಿದ್ದೇವೆ, ಅದಕ್ಕೆ ಪ್ಲಂಬರ್‌ಗಳು ಬೇಕು, ಆದ್ದರಿಂದ ವಿಪತ್ತಿನ ಅಧಿಕಾರ ಬಳಸಿ ಮಂಡಳಿಯನ್ನು 2021ರವರೆಗೆ ಉಳಿಸುತ್ತೇನೆ ಅಂತ. ಎರಡು ವರ್ಷ ಹಿಂದಿನ ಮಳೆಗೆ ಈಗ ಕೊಡೆ. ಶಾಸನಸಭೆ ಸಾಯಲು ಬಿಟ್ಟ ಸಂಸ್ಥೆಯನ್ನು ಗವರ್ನರ್ ಒಬ್ಬರೇ ಬದುಕಿಸಬಹುದಾದರೆ ಸನ್‌ಸೆಟ್ ಕಾನೂನಿಗೆ ಏನರ್ಥ ಅಂತ ಕೆಲವರು ಕೇಳಿದರು. ನಾನೂ ಕೇಳುತ್ತೇನೆ. ಆದರೆ ಆವತ್ತು ನಮ್ಮನೆ ಸಿಂಕ್ ನೆನಪಾಗಿ ಸುಮ್ಮನಾದೆ.

ಬೇಗ ಒಂದೆರಡು ವಿಷಯ ಹೇಳಿ ಪ್ರಶ್ನೆಗಳಿಗೆ ಹೋಗುತ್ತೇನೆ. ಲಾಟರಿ. 2013ರ ಏಪ್ರಿಲ್‌ನಲ್ಲಿ ಟೆಕ್ಸಸ್ ಲಾಟರಿ ಆಯೋಗದ ಮುಂದುವರಿಕೆ ಮಸೂದೆಯನ್ನು ಕೆಳಮನೆ ಸೋಲಿಸಿಬಿಟ್ಟಿತು. ಜೂಜು ಬೇಡ ಅನ್ನೋ ಉತ್ಸಾಹ. ಆಮೇಲೆ ಯಾರೋ ಲೆಕ್ಕ ನೆನಪಿಸಿದರು. ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಶಾಲೆಗಳಿಗೆ ಬರೋದು ಇದರಿಂದಲೇ. ಅದೇ ದಿನ ಮತ್ತೆ ಮತ ಹಾಕಿ ಉಳಿಸಿದರು. ಹತ್ತು ವರ್ಷ ಕಳೆಯಿತು. 2023ರ ಏಪ್ರಿಲ್‌ನಲ್ಲಿ ಒಂದು ಗುಂಪು 9.5 ಕೋಟಿ ಡಾಲರ್ ಬಹುಮಾನದ ಲಾಟರಿಯಲ್ಲಿ ಇರುವ ಸುಮಾರು 2.58 ಕೋಟಿ ಸಂಖ್ಯೆಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕೊಂಡು ಬಹುಮಾನ ಹೊಡೆಯಿತು. ಟಿಕೆಟ್ ಒಂದಕ್ಕೆ ಒಂದು ಡಾಲರ್. ಲೆಕ್ಕ ನೀವೇ ಹಾಕಿ. ಗಲಾಟೆ ಎದ್ದಿತು, ಆಯೋಗದ ಸನ್‌ಸೆಟ್ ಸರದಿಯೂ ಬಂದಿತ್ತು. 2025ರ ಸೆಪ್ಟೆಂಬರ್ 1ಕ್ಕೆ ಆಯೋಗ ಇಲ್ಲವಾಯಿತು, ಲಾಟರಿ ಆ ದೊಡ್ಡ ಲೈಸೆನ್ಸ್ ಇಲಾಖೆಗೆ ಹೋಯಿತು. ಪ್ಲಂಬರ್‌ಗಳು ಹೋಗಲ್ಲ ಅಂದ ಅದೇ ಇಲಾಖೆ.

ಇನ್ನೊಂದು, ಕೊಲೊರಾಡೊದ ಸನ್‌ರೈಸ್ ಪದ್ಧತಿ. ಸೂರ್ಯೋದಯ. ಹೊಸದಾಗಿ ಯಾವುದಾದರೂ ಕಸುಬಿಗೆ ಲೈಸೆನ್ಸ್ ಬೇಕು ಅಂತ ಬಂದರೆ, ಮೊದಲು ಅದಿಲ್ಲದೆ ಜನಕ್ಕೆ ಏನು ಹಾನಿ ಆಗಿದೆ ತೋರಿಸಿ ಅನ್ನುತ್ತಾರೆ. ಹುಟ್ಟಿದ ಮೇಲೆ ಸಾಯಿಸುವುದು ಕಷ್ಟ ಅಂತ ಅವರಿಗೆ ಆ ಬಾಕ್ಸಿಂಗ್ ಕಾಲದಲ್ಲೇ ಗೊತ್ತಾಗಿತ್ತು. ನನ್ನ ಓಟು ಸನ್‌ಸೆಟ್‌ಗಿಂತ ಇದಕ್ಕೇ ಜಾಸ್ತಿ.

ಪ್ರಶ್ನೆಗಳು. ಮೊದಲು ಎದ್ದವರು ನಿವೃತ್ತ ಮೇಷ್ಟ್ರು. "ನಮ್ಮ ಕರ್ನಾಟಕದ ನಿಗಮ ಮಂಡಳಿಗಳಿಗೆ ಇದು ಬೇಡವೇನಪ್ಪಾ?" ಎಲ್ಲರೂ ನಕ್ಕರು. ಯಾಕೆ ನಕ್ಕರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಂತ್ರಿ ಪದವಿ ಸಿಗದ ಶಾಸಕರಿಗೆ ನಿಗಮದ ಅಧ್ಯಕ್ಷಗಿರಿ ಸಿಗೋದು ನಾವೆಲ್ಲ ನೋಡಿದ್ದೇ. ನಾನು ಹೇಳಿದ್ದು ಇಷ್ಟು. ಪರಿಶೀಲನೆ ನಮಗೆ ಹೊಸದಲ್ಲ. ಟಿ.ಎಂ. ವಿಜಯಭಾಸ್ಕರ್ ಅವರ ಆಡಳಿತ ಸುಧಾರಣಾ ಆಯೋಗ ಒಂದಾದ ಮೇಲೆ ಒಂದು ವರದಿ ಕೊಟ್ಟಿತು, ಕೆಲವು ಮಂಡಳಿ ನಿಗಮಗಳನ್ನು ಮುಚ್ಚಿ, ಕೆಲವನ್ನು ಸೇರಿಸಿ ಅಂತಲೂ ಹೇಳಿತು. ಆ ವರದಿಗಳಿಗೆ ಇಲ್ಲದ್ದು ತಾರೀಕು. ಕಪಾಟಿನಲ್ಲಿ ಇಟ್ಟರೂ ಯಾವ ಮಂಡಳಿಯೂ ತಾನಾಗಿ ಮುಚ್ಚೋಲ್ಲ.

"ತಾರೀಕು ಹಾಕಿದರೂ ನಾವು ಮುಂದೂಡುತ್ತೇವೆ ಬಿಡಿ" ಅಂದರು ಪಕ್ಕದಲ್ಲಿದ್ದ ಒಬ್ಬರು ವಕೀಲರು. ಸಂವಿಧಾನದ 334ನೇ ವಿಧಿ ನೆನಪಿಸಿದರು. ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳನ್ನು ಮೊದಲು ಬರೆದದ್ದು ಹತ್ತು ವರ್ಷಕ್ಕೆ. ಅದು ಹತ್ತತ್ತು ವರ್ಷ ಮುಂದೆ ಹೋಗುತ್ತಾ ಈಗ 2030ಕ್ಕೆ ನಿಂತಿದೆ. ಹೌದು, ಆದರೆ ಅದೇ ವಿಧಿಯಲ್ಲಿ ಇನ್ನೊಂದು ಭಾಗವೂ ಇತ್ತು. ಆಂಗ್ಲೋ ಇಂಡಿಯನ್ ಸಮುದಾಯದ ನಾಮಕರಣ ಸ್ಥಾನಗಳು. 2019ರ ತಿದ್ದುಪಡಿಯಲ್ಲಿ ಅದನ್ನು ಮುಂದುವರಿಸಲಿಲ್ಲ. 2020ರ ಜನವರಿಗೆ ಮುಗಿಯಿತು. ನಮ್ಮ ವಿಧಾನಸಭೆಯಲ್ಲಿ 224 ಚುನಾಯಿತರ ಜೊತೆ ಕೂರುತ್ತಿದ್ದ ಆ ಒಬ್ಬ ನಾಮಕರಣ ಸದಸ್ಯರ ಕುರ್ಚಿ ಹೋದದ್ದು ಹೀಗೆ. ರದ್ದು ಮಾಡಿ ಅಂತ ಯಾರೂ ಮಸೂದೆ ತರಬೇಕಾಗಿ ಬರಲಿಲ್ಲ. ಪಟ್ಟಿಯಲ್ಲಿ ಹೆಸರು ಸೇರಿಸದೇ ಬಿಟ್ಟರು, ಆಯಿತು. ಸನ್‌ಸೆಟ್ ಅಂದರೆ ಏನು ಅಂತ ನಮ್ಮ ಮನೆಯಲ್ಲೇ ಇರುವ ಉದಾಹರಣೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನೊಬ್ಬರು ಕೊನೆಗೆ ಕೈ ಎತ್ತಿದರು. "ಅದೆಲ್ಲ ಇರಲಿ, ಆ ಪ್ಲಂಬರ್ ಏನಾದ?"

ಅವನಿಗೇನೂ ಆಗಲಿಲ್ಲ ಅಮ್ಮ. 2021ರ ಅಧಿವೇಶನದಲ್ಲಿ ಅವನ ಮಂಡಳಿಯನ್ನು ಮುಂದುವರಿಸಿದರು. ಹೊಸ ತಾರೀಕು ಬರೆದೇ ಮುಂದುವರಿಸಿದರು. ನಮ್ಮ ಸಿಂಕ್ ಮಾತ್ರ ಮೂರೇ ತಿಂಗಳಿಗೆ ಮತ್ತೆ ಸೋರಿತು.